ಪೂರ್ವದ ಗೋಡೆಯ ಜಾಯಿಂಟು

ತೆಲುಗು ನಾಡಿನ ಕಡಲಂಚಿನ ಮಧುರವಾಡದ ಆ ನೀರಿನ ಟ್ಯಾಂಕಿನ ಪೂರ್ವದ ಗೋಡೆಗೆ ಕಾಂಕ್ರೀಟ್ ಹಾಕಿದ ದಿನದ ತಪಾಸಣೆ ಕಾರ್ಡಿನ ಮೇಲಿರುವ ಸಹಿ ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೈಟಿನಲ್ಲಿ ಕೆಲಸದ ಗುಣಮಟ್ಟ ನೋಡಿಕೊಳ್ಳುವ ಎಂಜಿನಿಯರ್ ನಾನು. ನಾನು ಸಹಿ ಹಾಕದೆ ಒಂದು ಬಾಂಡ್ಲಿ ಕಾಂಕ್ರೀಟೂ ಬೀಳುವಂತಿಲ್ಲ.

ಟ್ಯಾಂಕು ಗುಡ್ಡದ ಬುಡದಲ್ಲಿ ನೆಲದ ಮೇಲೆ ಕೂತದ್ದು, ಚೌಕಾಕಾರದ್ದು, ಎರಡಾಳು ಎತ್ತರ. ಸುತ್ತ ಎದ್ದು ನಿಂತ ಹೊಸ ಅಪಾರ್ಟ್‌ಮೆಂಟುಗಳಿಗೆ ಅಲ್ಲಿಂದ ನೀರು ಹೋಗಬೇಕು. ಇಂಥ ಟ್ಯಾಂಕಿನಲ್ಲಿ ನೆಲವನ್ನು ಮೊದಲು ಹಾಕುತ್ತಾರೆ. ಗೋಡೆ ಬರುವ ಕಡೆ ನೆಲದ ಜೊತೆಗೇ ಒಂದು ಗೇಣು ಎತ್ತರದ ಕಟ್ಟೆಯನ್ನು ಎಬ್ಬಿಸಿ, ಕೆಲವು ದಿನ ಬಿಟ್ಟು ಅದರ ಮೇಲೆ ಗೋಡೆ ಹಾಕುತ್ತಾರೆ. ಹಳೆಯ ಕಾಂಕ್ರೀಟು ಹೊಸದನ್ನು ಸೇರುವ ಆ ಗೆರೆಯೇ ಜಾಯಿಂಟು. ಟ್ಯಾಂಕು ಸೋರುವುದಿದ್ದರೆ ಹೆಚ್ಚಾಗಿ ಸೋರುವುದು ಅಲ್ಲೇ. ಅದಕ್ಕಾಗಿ ಗೋಡೆಯ ದಪ್ಪದ ನಟ್ಟನಡುವೆ ಉದ್ದಕ್ಕೂ ಒಂದು ಪ್ಲಾಸ್ಟಿಕ್ ಪಟ್ಟಿ ನಿಲ್ಲಿಸಿರುತ್ತೇವೆ. ಅರ್ಧ ಹಳೆಯದರಲ್ಲಿ, ಅರ್ಧ ಹೊಸದರಲ್ಲಿ ಹೂತಿರುವ ಆ ಪಟ್ಟಿಗೆ ವಾಟರ್‌ಸ್ಟಾಪ್ ಎನ್ನುತ್ತಾರೆ. ಹಳೆಯ ಮೈಯನ್ನು ಕೆತ್ತಿ ಒರಟು ಮಾಡಿ, ತೊಳೆದು, ಕಾಂಕ್ರೀಟು ಬೀಳುವ ಸ್ವಲ್ಪ ಮೊದಲು ನೀರಿನಲ್ಲಿ ಕಲಸಿದ ಬರೀ ಸಿಮೆಂಟು ಬಳಿಯುವುದು ನಮ್ಮ ಕಡೆಯ ವಾಡಿಕೆ. ಮೇಸ್ತ್ರಿಗಳು ಅದನ್ನು ಸಿಮೆಂಟ್ ಹಾಲು ಎನ್ನುತ್ತಾರೆ. ಹಾಲು ಹಸಿಯಾಗಿದ್ದಾಗಲೇ ಕಾಂಕ್ರೀಟು ಬಿದ್ದರೆ ಎರಡೂ ಕಚ್ಚಿಕೊಳ್ಳುತ್ತವೆ. ಒಣಗಿದ ಮೇಲೆ ಬಿದ್ದರೆ, ಆ ಹಾಲು ಅತ್ತಲೂ ಸೇರದ ಇತ್ತಲೂ ಸೇರದ ಒಂದು ಸಿಪ್ಪೆಯಾಗಿ ನಡುವೆ ಕೂರುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಸೈಟಿಗೆ ಹೊಸದಾಗಿ ಬಂದವರಿಗೆ ಈ ಪಾಠ ಹೇಳುತ್ತಿದ್ದವಳೇ ನಾನು.

ಮೊದಲು ಹಾಕಬೇಕಿದ್ದ ಪೂರ್ವದ ಗೋಡೆಗೆ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಮುಹೂರ್ತ ಇಟ್ಟಿದ್ದರು. ನೀರು ಸರಬರಾಜು ಇಲಾಖೆಯ ಎಂಜಿನಿಯರ್ ಬಂದು ತೆಂಗಿನಕಾಯಿ ಒಡೆಯಬೇಕಿತ್ತು. ನಮ್ಮ ಮೇಸ್ತ್ರಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯವರು, ಐವತ್ತು ದಾಟಿದವರು, ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ಹತ್ತು ಎಂದರೆ ಹತ್ತು ಎಂದು ನಂಬಿದ ಅವರು ಸರಿಯಾಗಿ ಹತ್ತಕ್ಕೆ ಐದು ನಿಮಿಷ ಇರುವಾಗ ಕಾಂಕ್ರೀಟನ್ನು ಹಿಡಿದಿಡುವ ಶಟರಿಂಗ್ ತಗಡುಗಳ ಬುಡದಲ್ಲಿ ಬಿಟ್ಟಿದ್ದ ಕಿಂಡಿಗಳಿಂದ ಕುಂಚ ತೂರಿಸಿ, ಹನ್ನೆರಡು ಮೀಟರ್ ಉದ್ದಕ್ಕೂ ಹಾಲು ಬಳಿಸಿದರು. ಇಲಾಖೆಯ ಎಂಜಿನಿಯರ್ ಹೈವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬಂದದ್ದು ಹತ್ತೂ ಇಪ್ಪತ್ತೈದಕ್ಕೆ. ಕಾಯಿ ಒಡೆದು, ಕರ್ಪೂರ ಹಚ್ಚಿ, ಫೋಟೋ ತೆಗೆದು ಮುಗಿಯುವ ಹೊತ್ತಿಗೆ ನಾನು ಮೊಬೈಲು ನೋಡಿದೆ. ಹತ್ತೂವರೆ. ಶುಕ್ರವಾರದ ರಾಹುಕಾಲ ಶುರುವಾಗುವ ಹೊತ್ತು.

ದಾವಣಗೆರೆಯಲ್ಲಿ ನಮ್ಮಮ್ಮ ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ಹೊಸ ಗ್ಯಾಸ್ ಸಿಲಿಂಡರನ್ನೂ ಹಚ್ಚುವುದಿಲ್ಲ. ನಾನು ಜೀವಮಾನವಿಡೀ ಅವಳನ್ನು ರೇಗಿಸಿದವಳು. ಆದರೆ ಅದರ ಹಿಂದಿನ ವರ್ಷ ವಿಜಯವಾಡದಲ್ಲಿ ನಾನು ನೋಡಿಕೊಂಡ ಒಂದು ಸಣ್ಣ ಸಂಪು ಸೋರಿತ್ತು. ಒಳಗೆ ಬಣ್ಣದಂಥ ಲೇಪ ಹೊಡೆದು ಹೇಗೋ ದಾಟಿಸಿದ್ದರೂ ಆಗ ಕೇಳಿದ ಮಾತುಗಳು ಕಿವಿಯಿಂದ ಹೋಗಿರಲಿಲ್ಲ. ಈ ಟ್ಯಾಂಕಿಗೆ ಒಂದು ಅಪಶಕುನವೂ ತಾಗದಿರಲಿ ಎಂಬ ಭಯ ನನ್ನೊಳಗೆ ಕೂತಿತ್ತು. ಕಾಂಕ್ರೀಟ್ ಲಾರಿಗಳನ್ನು ಹನ್ನೆರಡಕ್ಕೆ ಕಳಿಸಿ ಎಂದು ಪ್ಲಾಂಟಿಗೆ ಫೋನ್ ಮಾಡಿದೆ.

ಮೇಸ್ತ್ರಿ ಬಳಿಗೆ ಬಂದರು. "ಮೇಡಂರೀ, ಹಾಲು ಬಳದೀವ್ರಿ ಆಗ್ಲೇ."

"ಗೊತ್ತು ಮೇಸ್ತ್ರಿ. ರಾಹುಕಾಲ ಒಂದು ಕಳೀಲಿ."

ಕಡಲ ಗಾಳಿ ಬೀಸುತ್ತಿತ್ತು. ಬಿಸಿಲಿಗೆ ತಗಡುಗಳು ಕಾದಿದ್ದವು. ಹನ್ನೆರಡಕ್ಕೆ ಸರಿಯಾಗಿ ಮೂರು ಲಾರಿಗಳು ಡ್ರಮ್ಮು ತಿರುಗಿಸುತ್ತ ಸಾಲಾಗಿ ನಿಂತವು. ಮೇಸ್ತ್ರಿ ಕಿಂಡಿಯೊಳಗೆ ಕೈ ಹಾಕಿ ಸವರಿ ನೋಡಿ, "ತೊಳದು ಇನ್ನೊಮ್ಮಿ ಬಳೀಲೇನ್ರಿ? ಅರ್ಧ ತಾಸು ಹಿಡೀತೈತಿ" ಎಂದರು. ಲಾರಿಯಲ್ಲಿ ಕಾಂಕ್ರೀಟು ಬಿಸಿಯಾಗುತ್ತಿತ್ತು. "ನೀರು ಚಿಮುಕಿಸಿ ಸಾಕು, ಲಾರಿ ನಿಂತಿದಾವೆ" ಎಂದೆ. ಕಾರ್ಡಿನಲ್ಲಿ ‘ಜಾಯಿಂಟ್ ಸಿದ್ಧವಾಗಿದೆ’ ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದೆ. ಹಾಲು ಬಳಿದದ್ದು ಎಷ್ಟು ಹೊತ್ತಿಗೆ ಎಂದು ಕೇಳುವ ಜಾಗ ಆ ಕಾರ್ಡಿನಲ್ಲಿ ಇರಲಿಲ್ಲ. ಸಂಜೆಯ ಹೊತ್ತಿಗೆ ನಾನೂ ಅದನ್ನು ಮರೆತೆ.

ಉಳಿದ ಗೋಡೆಗಳು ಮುಹೂರ್ತವಿಲ್ಲದೆ, ರಾಹುವಿನ ಕಾಟವಿಲ್ಲದೆ ಎದ್ದು ನಿಂತವು. ಚಾವಣಿಯೂ ಆಯಿತು. ಪಶ್ಚಿಮದ ಗೋಡೆಯಲ್ಲಿ ಮಾತ್ರ ಕೂದಲೆಳೆಯಂಥ ಮೂರು ಲಂಬ ಬಿರುಕುಗಳು ಕಂಡವು. ಹೊಸ ಕಾಂಕ್ರೀಟು ಗಟ್ಟಿಯಾಗುವಾಗ ಒಳಗಿಂದ ಕಾಯುತ್ತದೆ, ಆಮೇಲೆ ಆರಿ ಕುಗ್ಗುತ್ತದೆ. ಕುಗ್ಗಲು ಕೆಳಗಿನ ನೆಲ ಬಿಡುವುದಿಲ್ಲ, ಹಾಗಾಗಿ ಬಿರಿಯುತ್ತದೆ. ಆ ಬಿರುಕುಗಳನ್ನು ಅಳೆದು, ಪಕ್ಕದಲ್ಲಿ ತಾರೀಖು ಬರೆದಿಟ್ಟೆ. ನನ್ನ ಚಿಂತೆಯೆಲ್ಲ ಅವುಗಳ ಮೇಲೇ ಇತ್ತು.

ನೀರು ತುಂಬಿಸಿ ಪರೀಕ್ಷಿಸುವ ದಿನ ಬಂತು. ಇದರ ಕ್ರಮ ಸರಳ. ದಿನಕ್ಕೆ ಒಂದು ಮೀಟರಿನಂತೆ ನಿಧಾನವಾಗಿ ತುಂಬಿಸಬೇಕು, ತುಂಬಿದ ಮೇಲೆ ಏಳು ದಿನ ಕಾಂಕ್ರೀಟು ನೀರು ಕುಡಿಯಲು ಬಿಡಬೇಕು, ಆಮೇಲಿನ ಏಳು ದಿನ ಹೊರಮೈ ಒಣಗಿರಬೇಕು. ಪಶ್ಚಿಮದ ಬಿರುಕುಗಳಲ್ಲಿ ತೇವ ಕಂಡಾಗ ಒಂದೊಂದನ್ನೂ ಮತ್ತೆ ಅಳೆದೆ. ಆದರೆ ಅವು ಒಂದು ವಾರದೊಳಗೆ ಬಿಳಿ ಸುಣ್ಣ ಕಟ್ಟಿ ತಾವೇ ಮುಚ್ಚಿಕೊಂಡವು. ಅಷ್ಟು ಸಣ್ಣ ಬಿರುಕಾದರೆ ಕಾಂಕ್ರೀಟು ತನ್ನ ಗಾಯವನ್ನು ತಾನೇ ವಾಸಿ ಮಾಡಿಕೊಳ್ಳುತ್ತದೆ. ನಾನು ಕನಸಿನಲ್ಲೂ ಯೋಚಿಸದಿದ್ದ ಪೂರ್ವದ ಗೋಡೆಯ ಬುಡದಲ್ಲಿ ಮೊದಲು ತೇವ, ಆಮೇಲೆ ಹನಿ, ಆಮೇಲೆ ಸಣ್ಣ ಧಾರೆ ಶುರುವಾಯಿತು. ಹನ್ನೆರಡು ಮೀಟರ್ ಜಾಯಿಂಟಿನ ಉದ್ದಕ್ಕೂ ಸೋರಿಕೆ. ಉಳಿದ ಮೂರು ಗೋಡೆಗಳ ಜಾಯಿಂಟು ಒಣಗಿ ಸುಮ್ಮನಿತ್ತು.

ಮೊದಲು ಹೊರಗಿನಿಂದ ಬೇಗ ಗಟ್ಟಿಯಾಗುವ ಸಿಮೆಂಟನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಿದೆವು. ಅಲ್ಲಿ ನಿಂತ ನೀರು ಒಂದು ಮೀಟರ್ ಆಚೆ ಹೊರಬಂತು. ಆಚೆ ಒತ್ತಿದರೆ ಈಚೆ. ಎರಡು ದಿನ ಹೀಗೆ ಆಟ ಆಡಿಸಿತು. ವಿಜಯವಾಡದ ಕಚೇರಿಯಲ್ಲಿ ಕೂರುವ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಫೋನಿನಲ್ಲೇ ರೋಗವನ್ನೂ ಮದ್ದನ್ನೂ ಹೇಳಿದರು. ಪಟ್ಟಿಯ ತುಂಡುಗಳನ್ನು ಬಿಸಿ ಬ್ಲೇಡಿನಲ್ಲಿ ಬೆಸೆದದ್ದು ಮೇಸ್ತ್ರಿ, ಆ ಬೆಸುಗೆ ಬಿಟ್ಟಿದೆ. ಮೇಸ್ತ್ರಿಯನ್ನೂ ಅವರ ಗ್ಯಾಂಗನ್ನೂ ಕೆಲಸದಿಂದ ಕಳಿಸಿ, ಟ್ಯಾಂಕು ಖಾಲಿ ಮಾಡಿ ಒಳಗೆ ಲೇಪ ಹೊಡೆಯಬೇಕು. ಸೋಮವಾರ ವಿಜಯವಾಡಕ್ಕೆ ಬಂದು ವರದಿ ಕೊಡಬೇಕು.

ಟ್ಯಾಂಕು ಖಾಲಿಯಾಯಿತು. ವರದಿ ಬರೆಯುವ ಮೊದಲು ಆ ಬೆಸುಗೆಯನ್ನು ಕಣ್ಣಾರೆ ನೋಡಬೇಕು ಎಂದು ನಾನು ಪಟ್ಟು ಹಿಡಿದೆ. ನಾನು, ಮೇಸ್ತ್ರಿ, ಕಾಂಕ್ರೀಟು ಒಡೆಯುವ ಒಂದು ಚಿಕ್ಕ ಮಷೀನು. ಎಲ್ಲಿ ಬೆಸೆದಿದ್ದೇನೆಂದು ಮೇಸ್ತ್ರಿಗೆ ಅಂಗೈಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಅಲ್ಲೇ ಒಳಗಿನಿಂದ ಗೋಡೆಯ ನಡುವಿನವರೆಗೆ ಗೂಡಿನಂತೆ ಕೆತ್ತಿದೆವು. ಅರ್ಧ ದಿನ ಹಿಡಿಯಿತು. ಪಟ್ಟಿ ನೆಟ್ಟಗೆ ನಿಂತಿತ್ತು. ಬೆಸುಗೆ ಹಾಕಿದ ಜಾಗ ಉಗುರು ತೂರಿಸಲೂ ಆಗದಷ್ಟು ಗಟ್ಟಿಯಾಗಿತ್ತು.

ಆದರೆ ಜಾಯಿಂಟಿನ ಗೆರೆಯಲ್ಲಿ ಬೂದುಬಣ್ಣದ ಒಂದು ಪದರ ಕಂಡಿತು. ಉಗುರಿನಿಂದ ಎಬ್ಬಿದೆ. ಹಪ್ಪಳದ ಚೂರಿನಂತೆ ಎದ್ದು ಬಂತು. ಪಟ್ಟಿಯ ಮೇಲೂ ಅದೇ ಸಿಪ್ಪೆ ಅಂಟಿತ್ತು. ಅದರಿಂದಾಗಿ ಹೊಸ ಕಾಂಕ್ರೀಟು ಪಟ್ಟಿಯನ್ನು ಕಚ್ಚಿಕೊಂಡಿರಲಿಲ್ಲ. ಒಳಗಿನ ನೀರು ಜಾಯಿಂಟಿನಲ್ಲಿ ನುಗ್ಗಿ, ಪಟ್ಟಿಯ ಬೆನ್ನು ಸವರಿಕೊಂಡು ಹತ್ತಿ ಇಳಿದು, ಆಚೆ ಹೊರಟು ಹೋಗುತ್ತಿತ್ತು.

"ಹಾಲು" ಎಂದರು ಮೇಸ್ತ್ರಿ. ಅಷ್ಟೇ. ನನ್ನ ಮುಖವನ್ನೂ ನೋಡಲಿಲ್ಲ. ಮಷೀನಿನ ವೈರು ಸುತ್ತತೊಡಗಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಅಲ್ಲಿ ಯಾರೂ ಕಳ್ಳ ಎನ್ನಲಿಲ್ಲ. ಆದರೂ ನನ್ನ ಕೈ ಹೆಗಲಿಗೆ ಹೋಗಿಯಾಗಿತ್ತು. ಆ ಶುಕ್ರವಾರ ಇಡಿಯಾಗಿ ನೆನಪಿಗೆ ಬಂತು. ಗಾಳಿ, ಕಾದ ತಗಡು, ಕಿಂಡಿಯೊಳಗಿನ ಅವರ ಕೈ, ನನ್ನ "ಸಾಕು".

ಭಾನುವಾರ ಸಂಜೆ ಎಂವಿಪಿ ಕಾಲೋನಿಯ ನಮ್ಮ ಮನೆಯಲ್ಲಿ ಊಟದ ಮೇಜಿನ ಮುಂದೆ ಕೂತು ವರದಿ ಬರೆದೆ. ‘ಪಟ್ಟಿಯ ಬೆಸುಗೆ ಸರಿಯಾಗಿದೆ. ಜಾಯಿಂಟಿನ ಸಿದ್ಧತೆ ಸಮರ್ಪಕವಾಗಿರಲಿಲ್ಲ.’ ಓದಿ ನೋಡಿದೆ. ಎರಡೂ ವಾಕ್ಯ ಸತ್ಯ. ಆದರೆ ಸಿದ್ಧತೆ ಯಾರ ಕೆಲಸ? ಕುಂಚ ಹಿಡಿದವರದು. ಬೆಸುಗೆಯ ಹೆಸರಿನಲ್ಲಿ ಹೋಗುವ ಮೇಸ್ತ್ರಿ ಸಿದ್ಧತೆಯ ಹೆಸರಿನಲ್ಲಿ ಹೋಗುತ್ತಾರೆ, ನಾನು ಒಂದೂ ಸುಳ್ಳು ಹೇಳದೆ ಉಳಿದುಕೊಳ್ಳುತ್ತೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದಕ್ಕೆ ಇಷ್ಟು ಸೊಗಸಾದ ವಾಕ್ಯ ನನಗೆ ಬರೆಯಲು ಬರುತ್ತದೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಗಳು ಹೋಂವರ್ಕ್ ಬಿಟ್ಟು ಬಂದು, "ಏಮೈಂದಿ ಅಮ್ಮಾ? ಏನಾಯ್ತು, ಯಾಕೆ ಹಂಗೆ ಕೂತಿದೀಯಾ?" ಎಂದಳು. ಕನ್ನಡ ಶುರು ಮಾಡುವ ಮೊದಲು ತೆಲುಗಿನಲ್ಲೊಂದು ಮಾತು ಹಾಕುವುದು ಅವಳ ಅಭ್ಯಾಸ. "ಒಂದು ತಪ್ಪು ಮಾಡಿದೀನಿ ಕಣೇ. ಬರೆಯೋಕೆ ಆಗ್ತಿಲ್ಲ" ಎಂದೆ. "ಟೀಚರಿಗೆ ಹೇಳಿಬಿಟ್ರೆ ಬೈದು ಬಿಟ್ಬಿಡ್ತಾರೆ" ಎಂದು ತನಗೆ ತಿಳಿದದ್ದನ್ನು ಹೇಳಿ ಹೋದಳು. ಎಲ್ಲ ಟೀಚರುಗಳೂ ಹಾಗೆ ಬಿಡುವುದಿಲ್ಲ ಎಂದು ಅವಳಿಗೆ ಹೇಳಲಿಲ್ಲ. ಎರಡನೆಯ ವಾಕ್ಯ ಅಳಿಸಿ, ಹಾಲು ಬಳಿದ ಹೊತ್ತು, ಕಾಂಕ್ರೀಟು ಬಿದ್ದ ಹೊತ್ತು, ತಡೆದವರು ಯಾರು, ಮತ್ತೆ ಬಳಿಯಲೇ ಎಂದು ಕೇಳಿದವರು ಯಾರು, ಬೇಡ ಎಂದವರು ಯಾರು, ಎಲ್ಲವನ್ನೂ ಬರೆದೆ. ಮನಸ್ಸು ಬದಲಾಗುವ ಮೊದಲೇ ಇಲಾಖೆಯ ಎಂಜಿನಿಯರಿಗೂ ಒಂದು ಪ್ರತಿ ಮೇಲ್ ಮಾಡಿದೆ. ನನ್ನ ಧೈರ್ಯದ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಸೋಮವಾರ ಬೆಳಗಿನ ರೈಲು ಹಿಡಿದು ವಿಜಯವಾಡಕ್ಕೆ ಹೋದೆ. ಬ್ಯಾಗಿನಲ್ಲಿ ಆ ಸಿಪ್ಪೆಯ ಚೂರುಗಳಿದ್ದ ಪ್ಲಾಸ್ಟಿಕ್ ಕವರಿತ್ತು. ದಾರಿಯುದ್ದಕ್ಕೂ ಇಡ್ಲಿ ಮಾರುವವರು ಕರೆದರೂ ತಿನ್ನಲು ಮನಸ್ಸಾಗಲಿಲ್ಲ.

ಮ್ಯಾನೇಜರ್ ತೆಲುಗಿನಲ್ಲಿ ಮಾತಾಡಿದರು. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ರಾಹುಕಾಲ ಅಂತ ಬರೆದಿದ್ದೀರಲ್ಲ ಮೇಡಂ! ಟೆಕ್ನಿಕಲ್ ರಿಪೋರ್ಟಿನಲ್ಲಿ ರಾಹುಕಾಲ!"

"ಆದದ್ದು ಹಾಗೇ ಸರ್."

"ಇದನ್ನ ಬೇರೆ ಯಾರು ನೋಡಿದ್ದಾರೆ?"

"ಇಲಾಖೆಯವರಿಗೆ ಕಳಿಸಿದ್ದೀನಿ."

ಅವರು ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಕೋಪದಲ್ಲಿ ಕಿವಿಯವರೆಗೂ ಕೆಂಪಾಗಿದ್ದರು. ನನ್ನನ್ನು ಕೇಳದೆ ಹೇಗೆ ಕಳಿಸಿದಿರಿ ಎಂದು ಎರಡು ಸಲ ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ಸಿಪ್ಪೆಯ ಕವರನ್ನು ಅವರ ಮೇಜಿನ ಮೇಲಿಟ್ಟೆ. ಆಮೇಲೆ ಕವರಿನಿಂದ ಒಂದು ಚೂರು ತೆಗೆದು ಬೆರಳಿನಲ್ಲಿ ಮುರಿದರು. ಅವರೂ ಒಂದು ಕಾಲಕ್ಕೆ ಸೈಟಿನಲ್ಲಿ ನಿಂತು ಕಾಂಕ್ರೀಟು ಹಾಕಿಸಿದವರು. ಚೂರು ಮುರಿದ ಸದ್ದಿಗೆ ಮುಖ ಸ್ವಲ್ಪ ಬದಲಾಯಿತು.

"ಕೋಟಿಂಗ್ ಹೊಡೆದರೆ ನಿಲ್ಲಲ್ಲ ಅಂತೀರಾ?"

"ಹುತ್ತ ಬಡಿದ ಹಾಗಾಗುತ್ತೆ ಸರ್, ಹಾವು ಒಳಗೇ ಇರುತ್ತೆ. ಜಾಯಿಂಟಿನೊಳಗೆ ರೆಸಿನ್ ತುಂಬಬೇಕು."

ಹೇಗೆ ಎಂದು ಕೇಳಿದರು, ಚಿತ್ರ ಬರೆದು ತೋರಿಸಿದೆ. ಅರ್ಧ ಗಂಟೆ ಪ್ರಶ್ನೆ ಕೇಳಿ, ಕೊನೆಗೆ ಪೆನ್ನು ಮುಚ್ಚಿದರು. "ಚೇಯಂಡಿ. ಮಾಡಿ. ನಿಂತರೆ ಸರಿ. ನಿಲ್ಲದಿದ್ದರೆ ನೀವೂ ಹೋಗ್ತೀರಿ, ನಿಮ್ಮ ಮೇಸ್ತ್ರಿಯೂ ಹೋಗ್ತಾರೆ." ವಾಪಸ್ಸು ರೈಲಿನಲ್ಲಿ ಎರಡು ಪ್ಲೇಟ್ ಇಡ್ಲಿ ತಿಂದೆ.

ಕೆಲಸದ ಲೆಕ್ಕಾಚಾರ ಹೀಗಿತ್ತು. ಗೋಡೆಯ ದಪ್ಪ ನಾನೂರು ಮಿಲಿಮೀಟರ್, ಪಟ್ಟಿ ಇರುವುದು ಇನ್ನೂರರಲ್ಲಿ. ಒಳಗಿನಿಂದ, ಜಾಯಿಂಟಿಗಿಂತ ನೂರು ಮಿಲಿಮೀಟರ್ ಮೇಲೆ, ನಲವತ್ತೈದು ಡಿಗ್ರಿ ಓರೆಯಾಗಿ ಕೆಳಮುಖ ತೂತು ಕೊರೆದರೆ ಪಟ್ಟಿಗೆ ತಾಗದೆ, ಅದರ ಮುಂದೆಯೇ ಜಾಯಿಂಟು ಸಿಗುತ್ತದೆ. ಗೇಣಿಗೊಂದರಂತೆ ತೂತು. ಪ್ರತಿ ತೂತಿಗೆ ನಿಪ್ಪಲ್ ಎಂಬ ಒಂದು ಸಣ್ಣ ಲೋಹದ ಮೂತಿ, ಅದಕ್ಕೆ ಕೈಪಂಪಿನಿಂದ ರೆಸಿನ್. ಅಂಟಿನಂಥ ದ್ರವವಾದ ಈ ರೆಸಿನ್ ನೀರು ಸೋಕಿದರೆ ನೊರೆಯಾಗಿ ಉಬ್ಬಿ, ರಬ್ಬರಿನಂತೆ ಬಾಗುವ ಹಾಗೆ ಗಟ್ಟಿಯಾಗುತ್ತದೆ.

ಡ್ರಿಲ್ ಹಿಡಿದವರು ಮೇಸ್ತ್ರಿ. ಎರಡನೆಯ ತೂತಿಗೇ ಒಳಗೆ ಕಬ್ಬಿಣ ಸಿಕ್ಕಿತು, ಪಕ್ಕಕ್ಕೆ ಸರಿದೆವು. ಎಲ್ಲ ಮುಗಿದ ಮೇಲೆ ಧೂಳು ತೊಳೆಯಲು ಒಂದು ನಿಪ್ಪಲಿಗೆ ನೀರು ಒತ್ತಿದರೆ ಪಕ್ಕದ ಐದರಲ್ಲಿ ಹೊರಬಂತು. ಜಾಯಿಂಟು ಅಷ್ಟು ತೆರೆದುಕೊಂಡಿತ್ತು. ಆದರೆ ನೀರು ಓಡಿದ ದಾರಿಯಲ್ಲೇ ರೆಸಿನ್ನೂ ಓಡುತ್ತದೆ ಎಂದು ಸಮಾಧಾನ ಹೇಳಿಕೊಂಡೆ.

ಒಂದು ತುದಿಯಿಂದ ಶುರು ಮಾಡಿದೆವು. ಮುಂದಿನ ನಿಪ್ಪಲಿನಲ್ಲಿ ರೆಸಿನ್ ಕಂಡಾಗ ಇದನ್ನು ಮುಚ್ಚಿ ಅದಕ್ಕೆ ಹೋಗುವುದು. ಹದಿಮೂರು ನಿಪ್ಪಲ್ ಹೂವೆತ್ತಿದ ಹಾಗೆ ಆಯಿತು. ಹದಿನಾಲ್ಕನೆಯದು ರೆಸಿನ್ ನುಂಗುತ್ತಲೇ ಹೋಯಿತು. ಒತ್ತಡ ಏರಲಿಲ್ಲ, ಪಕ್ಕದಲ್ಲಿ ಹೊರಬರಲಿಲ್ಲ, ಡಬ್ಬ ಅರ್ಧವಾಯಿತು. ನೆಲದ ಕೆಳಗೆಲ್ಲೋ ಹೋಗುತ್ತಿದೆಯೇ ಎಂದು ನನಗೆ ದಿಗಿಲು. ಮೇಸ್ತ್ರಿ ಏಣಿ ಹತ್ತಿ ಹೊರಗೆ ಓಡಿದರು. ಗೋಡೆಯಾಚೆಯಿಂದ ಅವರ ಕೂಗು ಚಾವಣಿಯ ಬಾಯಿಯಿಂದ ಒಳಗೆ ಕೇಳಿತು.

"ನೊರಿ ಬರಾಕತ್ತೈತ್ರೀ ಮೇಡಂ! ನಿಲ್ಲಿಸ್ರಿ! ನೀರು ಬಂದ ದಾರೀಲೇ ಬರಾಕತ್ತೈತಿ!"

ಪಂಪು ನಿಲ್ಲಿಸಿ ಹೊರಗೆ ಹೋಗಿ ನೋಡಿದೆ. ಅತಿ ಹೆಚ್ಚು ಸೋರುತ್ತಿದ್ದ ಜಾಗದಲ್ಲೇ ಹಳದಿ ನೊರೆ ಉಕ್ಕುತ್ತಿತ್ತು. ರೆಸಿನ್ ಪಟ್ಟಿಯ ಬೆನ್ನು ಹತ್ತಿ ಇಳಿದು, ನೀರಿನ ದಾರಿಯನ್ನೇ ಹಿಡಿದು ಬಂದಿತ್ತು. ಮೇಸ್ತ್ರಿ ಒದ್ದೆ ಬಟ್ಟೆ ಒತ್ತಿ ಹಿಡಿದು ಕೂತಿದ್ದರು. ಅದು ಉಬ್ಬಿ ಗಟ್ಟಿಯಾಗುವವರೆಗೆ ಕಾದು, ಮತ್ತೆ ಒತ್ತಿದಾಗ ಪಂಪಿನ ಒತ್ತಡದ ಮುಳ್ಳು ಏರಿತು. ಕೊನೆಯ ನಿಪ್ಪಲ್ ಮುಚ್ಚಲು ಮೂರು ದಿನ ಹಿಡಿಯಿತು. ಆಮೇಲೆ ನಾವು ಕೆತ್ತಿದ ಗೂಡನ್ನು ತುಂಬಿ, ಒಳಗಿನ ಗೆರೆಯುದ್ದಕ್ಕೂ ಕಾಲುವೆ ತೋಡಿ ಗಾರೆ ಕಟ್ಟಿದೆವು.

ಮತ್ತೆ ನೀರು ತುಂಬಿಸಿದೆವು. ಕುಡಿಯುವ ಏಳು ದಿನ ಏನೂ ಕಾಣಲಿಲ್ಲ. ಹೊರಮೈ ಒಣಗಿರಬೇಕಾದ ಏಳು ದಿನಗಳ ಎಣಿಕೆಯಲ್ಲಿ ನಾಲ್ಕನೆಯ ದಿನ ಬೆಳಿಗ್ಗೆ ನಾನು ಸ್ಕೂಟಿ ನಿಲ್ಲಿಸುವಾಗಲೇ ಪೂರ್ವದ ಗೋಡೆಯ ಮೇಲೆ ತಲೆದಿಂಬಿನಷ್ಟು ಅಗಲದ ತೇವ ಕಂಡಿತು. ಅಲ್ಲೇ ನಿಂತು ವಿಜಯವಾಡಕ್ಕೆ ಏನು ಹೇಳಬೇಕೆಂದು ಮಾತು ಜೋಡಿಸತೊಡಗಿದೆ. ಮೇಸ್ತ್ರಿ ಹತ್ತಿರ ಹೋಗಿ, ಮೂಸಿ ನೋಡಿ, ತಲೆ ಎತ್ತಿದರು. ಮೇಲೆ ಕಬ್ಬಿಣದ ಕೊಕ್ಕೆಗೆ ವಾಚ್‌ಮನ್ನಿನ ಲುಂಗಿ ನೇತಾಡುತ್ತಿತ್ತು, ಆಗತಾನೇ ಒಗೆದು ಹಾಕಿದ್ದು.

"ಸೋಪಿನ ವಾಸನಿ ಬರಾಕತ್ತೈತ್ರೀ ನಮ್ಮ ಟ್ಯಾಂಕು" ಎಂದರು. ನಾನು ನಗಲು ಶುರು ಮಾಡಿದವಳು ಮರಳಿನ ರಾಶಿಯ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಳ್ಳಬೇಕಾಯಿತು. ವಾಚ್‌ಮನ್ ಮಾತ್ರ ತನ್ನ ಲುಂಗಿಯ ಕೆಳಗೆ ನಾವು ಯಾಕೆ ಸೇರಿದ್ದೇವೆ ಎಂದು ಗಾಬರಿಯಾಗಿದ್ದ.

ಏಳನೆಯ ದಿನ ಇಲಾಖೆಯ ಎಂಜಿನಿಯರ್ ಬಂದರು. ಗೋಡೆಯ ಬುಡದುದ್ದಕ್ಕೂ ಬಗ್ಗಿ, ಅಂಗೈ ಒತ್ತುತ್ತ ಹನ್ನೆರಡು ಮೀಟರ್ ನಡೆದರು. ಪ್ರತಿ ಸಲ ಅಂಗೈ ತಿರುಗಿಸಿ ನೋಡಿಕೊಳ್ಳುವಾಗ ನಾನೂ ಬಗ್ಗಿ ನೋಡುತ್ತಿದ್ದೆ. ತುದಿಯಲ್ಲಿ ನಿಂತು ಕೈ ಕೊಡವಿ, "ಡ್ರೈ ಅಂಡಿ", ಒಣಗಿದೆ ಮೇಡಂ ಎಂದು ಸಹಿ ಹಾಕಿದರು. ಕಾರು ಹತ್ತುವಾಗ, ನಿಮ್ಮ ವರದಿ ಓದಿದೆ, ಮುಂದಿನ ಸಲ ನಾನು ತಡವಾಗಿ ಬಂದರೆ ಕಾಯಬೇಡಿ ಎಂದರು. ಮ್ಯಾನೇಜರಿಗೆ ಫೋನ್ ಮಾಡಿದೆ. "ಸರಿ. ಭೀಮುನಿಪಟ್ಟಣದ ಟ್ಯಾಂಕಿನ ಕೆಲಸ ಶುರುವಾಗಬೇಕು, ಇಬ್ಬರೂ ಅಲ್ಲಿಗೆ ಹೋಗಿ" ಎಂದು ಇಟ್ಟುಬಿಟ್ಟರು. ಬೈಗುಳದ ಒಂದಕ್ಷರವೂ ಇಲ್ಲದ ಅಷ್ಟು ಚಿಕ್ಕ ಮಾತು ಅವರಿಂದ ನಾನು ಕೇಳಿದ್ದು ಅದೇ ಮೊದಲು. ಹೆಗಲ ಮೇಲಿಂದ ಸಿಮೆಂಟ್ ಚೀಲ ಇಳಿಸಿದ ಹಾಗಾಯಿತು.

ಮೇಸ್ತ್ರಿ ಗೋಡೆಗೆ ಬೆನ್ನು ಕೊಟ್ಟು ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಸುದ್ದಿ ಹೇಳಿದೆ. ತಲೆಯಾಡಿಸಿದರು. ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳಿದೆ.

"ನಿಮ್ಮನ್ನ ಕಳಿಸಬೇಕು ಅಂತ ಮಾತಾಡ್ತಿದ್ದಾಗ ನೀವ್ಯಾಕೆ ಬಾಯಿ ಬಿಡಲಿಲ್ಲ ಮೇಸ್ತ್ರಿ? ಅವತ್ತು ಬೇಡ ಅಂದವಳು ನಾನು ಅಂತ ಒಂದು ಮಾತು ಹೇಳಬಹುದಿತ್ತಲ್ಲ."

ಅವರು ಸುಣ್ಣದ ಡಬ್ಬಿ ಮುಚ್ಚಿ ಜೇಬಿಗೆ ಹಾಕಿಕೊಂಡರು.

"ನಾ ಹೇಳಿ, ನೀವು ಇಲ್ಲ ಅಂದುಬಿಟ್ಟಿದ್ರ ಏನ್ ಮಾಡ್ಲಿರಿ? ಕೆಲಸ ಹೋದ್ರ ಇನ್ನೊಂದು ಸೈಟಿನ್ಯಾಗ ಸಿಗತೈತಿ. ನಿಮ್ಮ ಬಾಯಾಗ ಸುಳ್ಳು ಕೇಳಿದ ಮ್ಯಾಲ ನಿಮ್ಮ ಕೈಕೆಳಗ ದುಡ್ಯಾಕ ಆಗ್ತಿತ್ತೇನ್ರಿ? ಅದಕ್ಕ, ನೀವಾಗೇ ಹೇಳ್ತೀರೇನೋ ನೋಡೂಣು ಅಂತ ಸುಮ್ಮನಿದ್ದೆ."

ನಾನು ಹೇಳದೆ ಹೋಗಿದ್ದರೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರ ಪಕ್ಕದಲ್ಲೇ ಗೋಡೆಗೆ ಬೆನ್ನು ಕೊಟ್ಟು ಕೂತೆ. ಅವರು ಎಲೆಯಡಿಕೆಯ ಚೀಲವನ್ನು ನನ್ನ ಕಡೆ ಸರಿಸಿದರು.